ಟ್ರಿಬ್ಯೂಟ್ ಇನ್ ಲೈಟ್

ಟ್ರಿಬ್ಯೂಟ್ ಇನ್ ಲೈಟ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ನಗರದಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 11ರ ರಾತ್ರಿ ಬೆಳಗಿಸಲಾಗುವ ಸಾರ್ವಜನಿಕ ಕಲಾಕೃತಿ. 2001ರ ಅದೇ ದಿನ ನಡೆದ ಭಯೋತ್ಪಾದಕ ದಾಳಿಯಲ್ಲಿ ಮಡಿದವರ ಸ್ಮರಣಾರ್ಥ ಇದನ್ನು ರೂಪಿಸಲಾಗಿದೆ. ಕುಸಿದುಬಿದ್ದ ವರ್ಲ್ಡ್ ಟ್ರೇಡ್ ಸೆಂಟರ್‌ನ ಅವಳಿ ಗೋಪುರಗಳನ್ನು ನೆನಪಿಸುವಂತೆ ಬೆಳಕಿನ ಎರಡು ಸ್ತಂಭಗಳು ಮುಸ್ಸಂಜೆಯಿಂದ ಮರುದಿನದ ಮುಂಜಾವಿನವರೆಗೆ ಆಕಾಶದಲ್ಲಿ ನಿಲ್ಲುತ್ತವೆ.

ಹಿನ್ನೆಲೆ

ದಾಳಿಯ ನಂತರದ ದಿನಗಳಲ್ಲಿ ಒಂದೇ ಬಗೆಯ ಕಲ್ಪನೆ ಹಲವರಿಗೆ ಪ್ರತ್ಯೇಕವಾಗಿ ಹೊಳೆಯಿತು. ಕಲಾವಿದರಾದ ಜೂಲಿಯನ್ ಲಾವರ್ಡಿಯರ್ ಮತ್ತು ಪಾಲ್ ಮಯೋಡ, ದಾಳಿಗೆ ಮೊದಲು ಅದೇ ಕಟ್ಟಡದಲ್ಲಿ ಕಲಾಯೋಜನೆಯೊಂದರಲ್ಲಿ ತೊಡಗಿದ್ದವರು. ಅವರು ರಚಿಸಿದ ಬೆಳಕಿನ ಗೋಪುರಗಳ ಚಿತ್ರವು 2001ರ ಸೆಪ್ಟೆಂಬರ್ 23ರ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ನ ಮುಖಪುಟದಲ್ಲಿ ಪ್ರಕಟವಾಯಿತು. ಜಾನ್ ಬೆನೆಟ್, ಗುಸ್ಟಾವೊ ಬೋನೆವಾರ್ಡಿ ಹಾಗೂ ರಿಚರ್ಡ್ ನ್ಯಾಶ್ ಗೌಲ್ಡ್ ಅವರಲ್ಲಿಯೂ ಇಂತಹದೇ ಯೋಜನೆಗಳಿದ್ದವು. ಮುನಿಸಿಪಲ್ ಆರ್ಟ್ ಸೊಸೈಟಿ ಮತ್ತು ಕ್ರಿಯೇಟಿವ್ ಟೈಮ್ ಸಂಸ್ಥೆಗಳು ಇವರೆಲ್ಲರನ್ನೂ ಒಂದುಗೂಡಿಸಿದವು. ಬೆಳಕಿನ ವಿನ್ಯಾಸಕ ಪಾಲ್ ಮರಾಂಟ್ಜ್ ತಾಂತ್ರಿಕ ಸಲಹೆ ನೀಡಿದರು.

ಯೋಜನೆಗೆ ಮೊದಲು 'ಟವರ್ಸ್ ಆಫ್ ಲೈಟ್' (ಬೆಳಕಿನ ಗೋಪುರಗಳು) ಎಂಬ ಹೆಸರಿತ್ತು. ಇದು ಮಡಿದ ಜನರಿಗಿಂತ ಕಟ್ಟಡಗಳಿಗೆ ಹೆಚ್ಚಿನ ಮಹತ್ವ ನೀಡುತ್ತದೆಂದು ಮೃತರ ಕುಟುಂಬಗಳವರು ಆಕ್ಷೇಪಿಸಿದ್ದರಿಂದ, 'ಬೆಳಕಿನ ಗೌರವಾರ್ಪಣೆ' ಎಂಬ ಅರ್ಥದ ಈಗಿನ ಹೆಸರನ್ನು ಇಡಲಾಯಿತು. ದಾಳಿ ನಡೆದು ಆರು ತಿಂಗಳು ತುಂಬಿದ 2002ರ ಮಾರ್ಚ್ 11ರಂದು ದೀಪಗಳನ್ನು ಮೊದಲ ಬಾರಿಗೆ ಬೆಳಗಿಸಲಾಯಿತು.

ರಚನೆ

ತಲಾ 7,000 ವ್ಯಾಟ್ ಸಾಮರ್ಥ್ಯದ 88 ಕ್ಸೆನಾನ್ ಶೋಧದೀಪಗಳನ್ನು, ಪ್ರತಿ ಬದಿ 48 ಅಡಿ ಇರುವ ಎರಡು ಚೌಕಗಳಲ್ಲಿ ಜೋಡಿಸಲಾಗುತ್ತದೆ. ಎಲ್ಲ ದೀಪಗಳನ್ನೂ ನೇರವಾಗಿ ಮೇಲ್ಮುಖವಾಗಿ ನಿಲ್ಲಿಸುವುದರಿಂದ ಪ್ರತಿ ಚೌಕದ ಕಿರಣಗಳು ಒಂದೇ ಸ್ತಂಭದಂತೆ ಕಾಣುತ್ತವೆ. ಬೆಳಕು ಸುಮಾರು 4 ಮೈಲಿ ಎತ್ತರ ತಲುಪುತ್ತದೆ. ಆಕಾಶ ತಿಳಿಯಾಗಿದ್ದರೆ 60 ಮೈಲಿ ದೂರದವರೆಗೂ ಗೋಚರಿಸುತ್ತದೆ. ಆರಂಭದಲ್ಲಿ ಗೋಪುರಗಳಿದ್ದ ಸ್ಥಳದ ಪಕ್ಕದ ಖಾಲಿ ನಿವೇಶನದಲ್ಲಿದ್ದ ದೀಪಗಳನ್ನು ನಂತರದ ವರ್ಷಗಳಲ್ಲಿ ಅದರ ದಕ್ಷಿಣಕ್ಕಿರುವ ವಾಹನ ನಿಲುಗಡೆ ಕಟ್ಟಡವೊಂದರ ಛಾವಣಿಯ ಮೇಲೆ ಇರಿಸಲಾಯಿತು.

ಹಕ್ಕಿಗಳ ಮೇಲಿನ ಪರಿಣಾಮ

ಸೆಪ್ಟೆಂಬರ್ ತಿಂಗಳು ಹಕ್ಕಿಗಳು ದಕ್ಷಿಣಕ್ಕೆ ವಲಸೆ ಹೋಗುವ ಕಾಲ. ರಾತ್ರಿ ಹಾರುವ ಸಣ್ಣ ಹಕ್ಕಿಗಳು ಈ ಪ್ರಖರ ಬೆಳಕಿನಿಂದ ದಿಕ್ಕುತಪ್ಪಿ, ಸ್ತಂಭಗಳೊಳಗೆ ಸುತ್ತುತ್ತಾ ಬಳಲುತ್ತವೆ; ಸುತ್ತಲಿನ ಗಾಜಿನ ಕಟ್ಟಡಗಳಿಗೆ ಬಡಿಯುವ ಅಪಾಯವೂ ಇದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ಹಕ್ಕಿಗಳು ಇದರ ಪ್ರಭಾವಕ್ಕೆ ಒಳಗಾದವೆಂದು ಅಂದಾಜಿಸಿತು. ದೀಪಗಳ ಬಳಿ ಹಕ್ಕಿಗಳ ಸಾಂದ್ರತೆ ಸುತ್ತಲಿನ ಪ್ರದೇಶಕ್ಕಿಂತ 20 ಪಟ್ಟು ಹೆಚ್ಚಾದದ್ದೂ ಉಂಟು. ಆದರೆ ದೀಪ ಆರಿಸಿದೊಡನೆ ಅವು ಚದುರಿ ತಮ್ಮ ದಾರಿ ಹಿಡಿಯುತ್ತಿದ್ದವು.

ಈ ಕಾರಣದಿಂದ ಪಕ್ಷಿಸಂರಕ್ಷಣಾ ಸ್ವಯಂಸೇವಕರು ರಾತ್ರಿಯಿಡೀ ದೀಪಗಳ ಬಳಿ ನಿಂತು ಹಕ್ಕಿಗಳನ್ನು ಎಣಿಸುತ್ತಾರೆ. ಸಿಲುಕಿದ ಹಕ್ಕಿಗಳ ಸಂಖ್ಯೆ ಸಾವಿರ ದಾಟಿದರೆ ದೀಪಗಳನ್ನು ಸುಮಾರು 20 ನಿಮಿಷ ಆರಿಸಿ, ಅವು ಹಾರಿಹೋದ ಮೇಲೆ ಮತ್ತೆ ಬೆಳಗಿಸಲಾಗುತ್ತದೆ. 2010ರ ಒಂದೇ ರಾತ್ರಿಯಲ್ಲಿ ಹೀಗೆ ಐದು ಬಾರಿ ಆರಿಸಬೇಕಾಯಿತು.

ನಿರ್ವಹಣೆ

2012ರಿಂದ ಇದರ ಹೊಣೆಯನ್ನು ರಾಷ್ಟ್ರೀಯ ಸೆಪ್ಟೆಂಬರ್ 11 ಸ್ಮಾರಕ ಮತ್ತು ವಸ್ತುಸಂಗ್ರಹಾಲಯ ವಹಿಸಿಕೊಂಡಿದೆ. 2020ರಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ದೀಪಗಳನ್ನು ಬೆಳಗಿಸುವುದಿಲ್ಲವೆಂದು ಪ್ರಕಟಿಸಲಾಗಿತ್ತಾದರೂ, ವ್ಯಾಪಕ ವಿರೋಧದ ನಂತರ ನಿರ್ಧಾರವನ್ನು ಹಿಂಪಡೆದು ಆ ವರ್ಷವೂ ಬೆಳಗಿಸಲಾಯಿತು.