ಉಚ್ಚಂಗಿ ದುರ್ಗದಿಂದ ಹರಪನಹಳ್ಳಿಯವರೆಗೆ

ಪಶ್ಚಿಮಕ್ಕೆ ತುಂಗಭದ್ರೆ, ಪೂರ್ವಕ್ಕೆ ಕೂಡ್ಲಿಗಿಯ ಬಂಡೆಗುಡ್ಡಗಳು. ಇವುಗಳ ನಡುವಿನ ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಸೀಮೆ ಯಾವ ದೊಡ್ಡ ಸಾಮ್ರಾಜ್ಯಕ್ಕೂ ರಾಜಧಾನಿಯಾಗಲಿಲ್ಲ. ದಂಡುಗಳು ಹಾದುಹೋಗುವ ದಾರಿಯಾಗಿತ್ತು. ಇಲ್ಲಿ ವೀರನೆನಿಸಿಕೊಳ್ಳಲು ರಾಜ್ಯ ಕಟ್ಟಬೇಕಿರಲಿಲ್ಲ, ಒಂದು ಗುಡ್ಡವನ್ನು ಹಿಡಿದು ಉಳಿಸಿಕೊಂಡರೆ ಸಾಕಿತ್ತು.

ಅಂಥ ಗುಡ್ಡಗಳಲ್ಲಿ ಮೊದಲನೆಯದು ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿ ದುರ್ಗ. ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿದ್ದ ಪಾಂಡ್ಯರು ಇಲ್ಲಿಂದ ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಆಳಿದರು. ಚೋಳರು ಈ ಕೋಟೆಗೆ ಹನ್ನೆರಡು ವರ್ಷ ಮುತ್ತಿಗೆ ಹಾಕಿ, ಕೈಲಾಗದೆ ಬಿಟ್ಟು ಹೋದರೆಂದು ಹೊಯ್ಸಳ ಶಾಸನ ಹೇಳುತ್ತದೆ. ಶಾಸನ ಕವಿಗೆ ತನ್ನ ದೊರೆಯನ್ನು ಏರಿಸಬೇಕಿತ್ತು, ಆದ್ದರಿಂದ ಹನ್ನೆರಡು ವರ್ಷದ ಮಾತನ್ನು ಸ್ವಲ್ಪ ಸೋಸಿಯೇ ನಂಬಬೇಕು. 1177ರ ಸುಮಾರಿಗೆ ಆ ದೊರೆ, ಹೊಯ್ಸಳ ಇಮ್ಮಡಿ ಬಲ್ಲಾಳ, ಇದೇ ದುರ್ಗವನ್ನು ಗೆದ್ದ. ಅವನ ‘ಗಿರಿದುರ್ಗಮಲ್ಲ’ ಎಂಬ ಬಿರುದಿನ ಹಿಂದೆ ಈ ಗೆಲುವಿದೆ. ಕೋಟೆ ಶನಿವಾರ ಕೈವಶವಾದ್ದರಿಂದ ‘ಶನಿವಾರಸಿದ್ಧಿ’ ಎಂಬ ಇನ್ನೊಂದು ಬಿರುದೂ ಬಂತೆನ್ನುತ್ತಾರೆ. ಸೋತ ಕಾಮದೇವ ಪಾಂಡ್ಯ ಶರಣಾದಾಗ ಬಲ್ಲಾಳ ಅವನ ರಾಜ್ಯವನ್ನು ಅವನಿಗೇ ಮರಳಿಸಿದ. ಔದಾರ್ಯ ಅನ್ನುವುದಕ್ಕಿಂತ ಇದನ್ನು ಜಾಣತನ ಅನ್ನಬೇಕು. ದೂರದ ರಾಜಧಾನಿ ದೋರಸಮುದ್ರದಿಂದ ಈ ಗಡಿನಾಡನ್ನು ಕಾಯಲು ಇಲ್ಲಿಯವನೇ ಬೇಕಿತ್ತು. ಈಗ ಅದೇ ಗುಡ್ಡದ ಮೇಲೆ, ಕುಸಿದ ಕೋಟೆಬಾಗಿಲುಗಳನ್ನು ದಾಟಿದರೆ, ಉಚ್ಚಂಗೆಮ್ಮನ ಗುಡಿ ಸಿಗುತ್ತದೆ.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಪಾಳೆಯಗಾರರ ಕಾಲ. ಹರಪನಹಳ್ಳಿ ಮನೆತನದ ಮೂಲಪುರುಷ ದಾದಯ್ಯ ಬೇಡರವನು, ಬಾಗಳಿ ಮತ್ತು ನೀಲಗುಂದ ಗ್ರಾಮಗಳ ತಳವಾರ. ಊರು ಕಾಯುತ್ತಿದ್ದವನು ಜನ ಕೂಡಿಸಿ ಸೀಮೆಯನ್ನೇ ಹಿಡಿದ. ಕೂಡ್ಲಿಗಿ ಕಡೆ ಗುಡೇಕೋಟೆ, ಜರಿಮಲೆಗಳಲ್ಲೂ ಇಂಥವೇ ಮನೆತನಗಳು ಬೇರೂರಿದವು. ಪಾಳೆಯಗಾರನ ಬಲವೆಲ್ಲ ಕಟ್ಟುಬಡಿಯವರಲ್ಲಿತ್ತು. ಸಂಬಳದ ಬದಲು ಹೊಲ ಪಡೆದ ಇವರು ಸುಗ್ಗಿಯಲ್ಲಿ ರೈತರು, ಕರೆ ಬಂದರೆ ಸಿಪಾಯಿಗಳು. ಈ ಬಲದ ಮೇಲೆಯೇ ಮನೆತನಗಳು ಬಿಜಾಪುರ, ಮೊಗಲರು, ಮರಾಠರು, ನಿಜಾಮ, ಮೈಸೂರು ಎಂದು ಒಡೆಯರು ಬದಲಾದಂತೆಲ್ಲ ಕಪ್ಪ ಕೊಟ್ಟೋ ಕೊಡದೆಯೋ ಉಳಿದುಕೊಂಡವು.

ಅಕ್ಕಪಕ್ಕದ ಪಾಳೆಯಗಳ ನಡುವಿನ ಹಗೆ ಇನ್ನೂ ಕಟು. 1747-48ರಲ್ಲಿ ಮಾಯಕೊಂಡದ ಬಯಲಿನಲ್ಲಿ ಚಿತ್ರದುರ್ಗದ ಎದುರು ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರಿನ ದಂಡುಗಳು ಒಟ್ಟಾಗಿ ನಿಂತವು. ದುರ್ಗದ ಹಿರೇ ಮದಕರಿ ನಾಯಕ ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ ಮಡಿದ. ದುರ್ಗದ ಪರವಾಗಿ ಬಂದಿದ್ದ ಚಂದಾ ಸಾಹೇಬ ಸೆರೆಸಿಕ್ಕ. ಇಬ್ಬರು ನಾಯಕರೂ ಬೇಡರೇ. ಹರಪನಹಳ್ಳಿಗೆ ವೀರನಾದವನು ದುರ್ಗಕ್ಕೆ ಶತ್ರು. ಆದರೆ ಮುಂದೆ ಹೈದರಾಲಿಯ ಮುತ್ತಿಗೆಯಲ್ಲಿ ಒನಕೆ ಹಿಡಿದು ನಿಂತಳೆಂದು ದುರ್ಗ ಕೊಂಡಾಡುವ ಓಬವ್ವನ ತವರು ಇದೇ ಸೀಮೆಯ ಗುಡೇಕೋಟೆ ಎಂಬುದು ಇಲ್ಲಿನವರ ನಂಬಿಕೆ. 1779ರಲ್ಲಿ ಚಿತ್ರದುರ್ಗ ಹೈದರನ ವಶವಾದ ಮೇಲೆ ಚಿಕ್ಕ ಪಾಳೆಯಗಳಿಗೆ ಆಸರೆಯೇ ಉಳಿಯಲಿಲ್ಲ.

ಹರಪನಹಳ್ಳಿಯನ್ನು ಮುಗಿಸಿದ್ದು ಯುದ್ಧವಲ್ಲ. ಮರಾಠರು ಮತ್ತು ನಿಜಾಮನೊಂದಿಗೆ ಟಿಪ್ಪು 1786-87ರಲ್ಲಿ ಕಾದಾಡಿದಾಗ ಹರಪನಹಳ್ಳಿ, ರಾಯದುರ್ಗಗಳ ಪಾಳೆಯಗಾರರು ಅವನ ಪಕ್ಷದಲ್ಲಿಯೇ ಇದ್ದರು. ಆದರೂ ಅವನು ಇಬ್ಬರನ್ನೂ ಹಿಡಿಸಿ ಸೀಮೆ ಕಿತ್ತುಕೊಂಡ. ನಿಷ್ಠರನ್ನು ಹೀಗೆ ನಡೆಸಿಕೊಂಡದ್ದಕ್ಕೆ ಟಿಪ್ಪುವಿನ ಲೆಕ್ಕಾಚಾರ ಸರಳವಾಗಿದ್ದಿರಬೇಕು: ಗಡಿಯಲ್ಲಿ ಸ್ವಂತ ದಂಡು ಇಟ್ಟುಕೊಂಡವನು ಇಂದು ತನ್ನವನಾದರೂ ನಾಳೆ ಬೇರೆಯವರ ಕಡೆ ಸೇರಬಹುದು.

ಟಿಪ್ಪುವಿನ ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಿತು. ಮರುವರ್ಷ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲವೆನಿಸಿದ ಈ ಭಾಗಕ್ಕೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಎದುರು ಸುಮಾರು 80 ಪಾಳೆಯಗಾರರಿದ್ದರು. ಅವನು ಅವರ ಆಯುಧ ಕಳೆದು, ಕಂದಾಯವನ್ನು ನೇರವಾಗಿ ರೈತನಿಂದ ಎತ್ತಲು ತೊಡಗಿದ. ಹಲವರಿಗೆ ಪಿಂಚಣಿ ಗೊತ್ತುಮಾಡಿದ. 1807ರಲ್ಲಿ ಅವನು ಹೊರಟಾಗ ಕಟ್ಟುಬಡಿ ಪದ್ಧತಿಯ ಬೆನ್ನು ಮುರಿದಿತ್ತು. ಅಲ್ಲಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ತಾಲ್ಲೂಕುಗಳು ಮದ್ರಾಸಿನ ಆಡಳಿತದಲ್ಲಿದ್ದವು.