ಹಕೀಮರ ಸನದು ಮತ್ತು ಸರಕಾರದ ನೋಂದಣಿ

ವೈದ್ಯರಿಗೆ ಸರಕಾರದ ನೋಂದಣಿ ಬೇಕೆಂಬ ಪದ್ಧತಿಯನ್ನು ಇಂಗ್ಲಿಷರು ತಂದರೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಇದಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಕ್ರಿ.ಶ. 931ರಲ್ಲಿ ಬಾಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತ ಸುದ್ದಿ ಖಲೀಫ ಅಲ್ ಮುಕ್ತದಿರ್‌ಗೆ ಮುಟ್ಟಿತು. ಸಿನಾನ್ ಇಬ್ನ್ ಸಾಬಿತ್ ಪರೀಕ್ಷಿಸಿ ಅನುಮತಿ ಕೊಡದ ಹೊರತು ಯಾರೂ ಚಿಕಿತ್ಸೆ ಮಾಡಕೂಡದೆಂದು ಆತ ಆಜ್ಞೆ ಹೊರಡಿಸಿದ. 800ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಒಳಗಾದರು. ಅವರಲ್ಲಿ ಓದುಬರಹ ಬಾರದ ಒಬ್ಬ ಮುದುಕನೂ ಇದ್ದನೆಂದು ಚರಿತ್ರೆಕಾರ ಇಬ್ನುಲ್ ಕಿಫ್ತಿ ಬರೆದಿದ್ದಾನೆ. ತಿಳಿಯದ ರೋಗಕ್ಕೆ ಕೈಹಾಕಬಾರದೆಂಬ ಷರತ್ತಿನ ಮೇಲೆ ಸಿನಾನ್ ಅವನಿಗೂ ಅನುಮತಿ ಕೊಟ್ಟ.

ಇನ್ನು ನಮ್ಮ ನಾಡಿಗೆ ಬರೋಣ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಗಂಗಾವತಿ, ಕುಷ್ಟಗಿ ಸೇರಿ ಎಲ್ಲವೂ ಹೈದರಾಬಾದ್ ರಾಜ್ಯದೊಳಗೇ ಇದ್ದವು. ಉಸ್ತಾದರ ಬಳಿ ಕಿತಾಬು ಓದಿ, ಔಷಧ ಅರೆದು, ನಾಡಿ ಹಿಡಿಯುವುದನ್ನು ಕಲಿತು ಸನದು ಪಡೆಯುವುದು ಯುನಾನಿಯ ಹಳೆಯ ಪದ್ಧತಿ. 1846ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ವೈದ್ಯಶಾಲೆಯಲ್ಲಿ ಕಲಿಸುತ್ತಿದ್ದುದು ಪಾಶ್ಚಾತ್ಯ ವೈದ್ಯ. ಆದರೂ ಪಾಠ ಉರ್ದುವಿನಲ್ಲಿ, ಪಾಸಾದವರಿಗೆ ಸಿಗುತ್ತಿದ್ದ ಬಿರುದು 'ಹಕೀಮ್'! ಜನರ ನಂಬಿಕೆ ಆ ಹೆಸರಿನ ಮೇಲೆ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಯಲಬುರ್ಗಾದ ಪಡುವಣ ಗಡಿಯಾಚೆಗಿನ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ 1938ರಲ್ಲಿಯೇ ವೈದ್ಯರು, ಹಕೀಮರ ನೋಂದಣಿಗೆ ಕಾಯ್ದೆ ಬಂದಿತ್ತು. 1956ರಲ್ಲಿ ಎರಡೂ ಭಾಗಗಳು ಮೈಸೂರು ರಾಜ್ಯದಲ್ಲಿ ಒಂದಾದವು. ಬಳಿಕ ಇಡೀ ರಾಜ್ಯಕ್ಕೆ 1961ರ ಆಯುರ್ವೇದ ಹಾಗೂ ಯುನಾನಿ ವೈದ್ಯರ ನೋಂದಣಿ ಕಾಯ್ದೆ ಬಂತು.

ನಿಜವಾದ ಪೆಟ್ಟು ಬಿದ್ದುದು 1970ರ ಕೇಂದ್ರ ಕಾಯ್ದೆಯಿಂದ. ರಾಜ್ಯದ ಪಟ್ಟಿಯಲ್ಲಿ ಆಗಲೇ ಹೆಸರಿದ್ದವರ ಹಕ್ಕನ್ನು ಅದು ಉಳಿಸಿತು. ಪಟ್ಟಿಯೇ ಇಲ್ಲದ ರಾಜ್ಯಗಳಲ್ಲಿ 5 ವರ್ಷ ವೃತ್ತಿ ಮಾಡಿದವರಿಗೂ ವಿನಾಯಿತಿ ಕೊಟ್ಟಿತು. ನಮ್ಮಲ್ಲಿ ಪಟ್ಟಿ ಇತ್ತು. ಆದ್ದರಿಂದ ಅದರಲ್ಲಿ ಹೆಸರು ಬರೆಸದೆ ಉಳಿದವನಿಗೆ, ಎಷ್ಟೇ ವರ್ಷ ನಾಡಿ ನೋಡಿದ್ದರೂ, ಆ ವಿನಾಯಿತಿ ಇರಲಿಲ್ಲ. ಒಂದು ಅರ್ಜಿ ಬರೆಯಲಾಗದ್ದಕ್ಕೆ ವಿದ್ಯೆಯೇ ಮುಚ್ಚಿಹೋಗುವುದೆಂದರೆ ಸಣ್ಣ ನಷ್ಟವಲ್ಲ. ಆದರೆ ರೋಗಿಯ ಕಡೆಯಿಂದ ನೋಡಿದರೆ ಕಾಯ್ದೆಯ ಬಿಗಿಗೂ ಕಾರಣವಿದೆ; ನಕಲಿಗಳು ಸಹ ಹಕೀಮರೆಂದೇ ಹೇಳಿಕೊಳ್ಳುತ್ತಿದ್ದರು. ಮಾನ್ಯತೆ ಪಡೆದ ವಿದ್ಯಾರ್ಹತೆ ಇಲ್ಲದ ಪಾರಂಪರಿಕ ವೈದ್ಯರು ವೃತ್ತಿ ಮಾಡುವಂತಿಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿತು. ಸಿನಾನ್ ಆ ಮುದುಕನಿಗೆ ತೋರಿದ ರಿಯಾಯಿತಿಗೆ ಈಗ ಎಡೆಯಿಲ್ಲ.

ಈಗಿನ ವಿದ್ಯಾರ್ಥಿ ನೀಟ್ ಬರೆದು ಬಿ.ಯು.ಎಂ.ಎಸ್. ಸೇರಬೇಕು. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ ಬೆಂಗಳೂರಿನ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ದವಾಖಾನೆ ತೆರೆಯುವುದಾದರೆ ಅದಕ್ಕೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಬೇರೆ ನೋಂದಣಿ ಆಗಬೇಕು. ಅದನ್ನು ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾದ್ದರಿಂದ ಈ ಕೆಲಸಕ್ಕೆ ರಾಯಚೂರಿಗೆ ಹೋಗಬೇಕಿಲ್ಲ.