ಒಪ್ಪುವ ಬಣ್ಣ

ಜವಳಿ ಅಂಗಡಿಯ ಗಾದಿಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಿ, ‘ಒಪ್ಪು’ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ‘ಈ ಕಲರ್ ನಿಮಗ ಚಲೋ ಒಪ್ಪತೈತ್ರಿ’ ಎಂದು ಅಂಗಡಿಯವರು ಸೀರೆ ಬಿಡಿಸಿ ಹಾಸುತ್ತಾರೆ. ‘ಅಕಿಗೆ ಅದು ಒಪ್ಪಂಗಿಲ್ಲ, ಬ್ಯಾರೇದು ತೋರಸ್ರಿ’ ಎಂದು ತಾಯಿ ಬದಿಗೆ ಸರಿಸುತ್ತಾಳೆ. ಮಗಳು ಸೆರಗನ್ನು ಹೆಗಲ ಮೇಲೆಳೆದುಕೊಂಡು ಕನ್ನಡಿ ನೋಡುತ್ತಾಳೆ, ಕನ್ನಡಿಗಿಂತ ಹೆಚ್ಚಾಗಿ ತಾಯಿಯ ಮುಖ ನೋಡುತ್ತಾಳೆ. ಬೆಂಗಳೂರು, ಮೈಸೂರು ಕಡೆ ಇದೇ ಮಾತು ‘ಒಪ್ಪುತ್ತೆ’, ‘ಒಪ್ಪಲ್ಲ’ ಆಗುತ್ತದೆ. ಈಚೆಗೆ ‘ಸೂಟ್ ಆಗುತ್ತೆ’ ಬಂದು ಅರ್ಧ ಜಾಗ ಹಿಡಿದಿದೆ. ಆದರೂ ಬೇಡ ಅನ್ನಬೇಕಾದಾಗ ನಾವು ಕನ್ನಡಕ್ಕೇ ಮರಳುತ್ತೇವೆ. ‘ಸೂಟ್ ಆಗಲ್ಲ’ ಅನ್ನುವುದು ಸಲಹೆಯ ಹಾಗೆ ಕೇಳಿಸುತ್ತದೆ, ‘ಒಪ್ಪಲ್ಲ’ ಅನ್ನುವುದು ತೀರ್ಪಿನ ಹಾಗೆ.

ಈ ಮಾತಿಗೆ ಬಹಳ ವಯಸ್ಸಾಗಿದೆ. ಹಳಗನ್ನಡದಲ್ಲಿ ಒಪ್ಪುವುದೆಂದರೆ ಶೋಭಿಸುವುದು, ಚೆಲುವಾಗಿ ಕಾಣುವುದು. ಕೊಳದಲ್ಲಿ ತಾವರೆ ಒಪ್ಪುತ್ತಿತ್ತು, ಸಭೆಯಲ್ಲಿ ಅರಸ ಒಪ್ಪುತ್ತಿದ್ದ. ಅಲ್ಲಿ ಯಾರ ಅನುಮತಿಯ ಮಾತೂ ಇಲ್ಲ. ತಾವರೆ ತನ್ನಷ್ಟಕ್ಕೆ ಒಪ್ಪುತ್ತದೆ, ನೋಡುವವರು ನೋಡುತ್ತಾರೆ. ರತ್ನಕ್ಕೆ ಸಾಣೆ ಹಿಡಿದು ಹೊಳಪು ಬರಿಸಿದರೆ ಅದೂ ‘ಒಪ್ಪ’. ಮಡಿಕೆ ಕೆಡದಂತೆ ಬಟ್ಟೆ ಜೋಡಿಸಿಟ್ಟರೆ ‘ಒಪ್ಪವಾಗಿ ಇಟ್ಟಿದ್ದಾಳೆ’ ಎಂದು ಈಗಲೂ ಅನ್ನುತ್ತೇವೆ. ಶಾಸನಗಳ ಕೊನೆಯಲ್ಲಿ ಬರುವ ‘ಒಪ್ಪ’ ಎಂದರೆ ಅಂಕಿತ. ವಿಜಯನಗರದ ಅರಸರ ತಾಮ್ರಪಟಗಳು ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿ ಇದ್ದರೂ ಕೊನೆಗೆ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪ ಮಾತ್ರ ಕನ್ನಡ ಅಕ್ಷರದಲ್ಲಿ ಬೀಳುತ್ತಿತ್ತು. ಚೆಲುವಿನಿಂದ ಹೊರಟ ಮಾತು ಹೀಗೆ ಅಧಿಕಾರದ ಮನೆಗೂ ಹೋಗಿ ಬಂತು. ಒಪ್ಪಿಗೆ, ಒಪ್ಪಂದ, ತಪ್ಪೊಪ್ಪಿಗೆ ಎಲ್ಲ ಆ ಕಡೆಯ ಸಂತಾನ. ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತೇವೆ. ಮದುವೆಯಲ್ಲಿ ಹೆಣ್ಣು ಒಪ್ಪಿಸುತ್ತೇವೆ, ಆಗ ಹಾಡುವವರ ಕೊರಳೂ ಕಟ್ಟುತ್ತದೆ.

ಬಟ್ಟೆಯ ವಿಷಯಕ್ಕೆ ಬಂದಾಗ ಈ ಎರಡೂ ಅರ್ಥಗಳು ಒಂದರೊಳಗೊಂದು ಬೆರೆತುಬಿಡುತ್ತವೆ. ‘ಹಳದಿ ನನಗೆ ಒಪ್ಪುತ್ತದೆ’ ಅಂದರೆ ಚೆಲುವಿನ ಮಾತು. ‘ನಾನು ಹಳದಿ ಉಟ್ಟರೆ ಮಂದಿ ಒಪ್ಪಲ್ಲ’ ಅಂದರೆ ಅನುಮತಿಯ ಮಾತು. ಬಾಯಿಂದ ಬರುವುದು ಮೊದಲನೆಯದು, ಮನಸ್ಸಿನಲ್ಲಿ ಇರುವುದು ಬಹಳ ಸಲ ಎರಡನೆಯದು.

ನನ್ನ ಅಕ್ಕನ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ವರ್ಷಗಟ್ಟಲೆ ಅವಳ ಕಪಾಟಿನಲ್ಲಿ ಕಪ್ಪು ಬಿಟ್ಟು ಬೇರೆ ಬಣ್ಣ ಇರಲಿಲ್ಲ. ಕಪ್ಪು ಕುರ್ತಾ, ಕಪ್ಪು ಟೀ ಶರ್ಟು, ಕಪ್ಪು ಪ್ಯಾಂಟು, ಚಳಿಗೆ ಕಪ್ಪು ಸ್ವೆಟರು. ಹಬ್ಬಕ್ಕೆ ಅವಳವ್ವ ಕೊಟ್ಟ ಸೀರೆಗಳು ಅಂಗಡಿಯ ಡಬ್ಬಿಯಲ್ಲೇ ಮೇಲಿನ ಹಲಗೆ ಸೇರಿದ್ದವು. ಯಾಕೆ ಎಂದು ಕೇಳಿದ್ದಕ್ಕೆ, ‘ಚಿಗವ್ವಾ, ಕಪ್ಪು ಎಲ್ಲಾರಿಗೂ ಒಪ್ಪತೈತಿ. ಮುಂಜಾನೆ ಎದ್ದು ವಿಚಾರ ಮಾಡೂದು ಬ್ಯಾಡ. ಕಲೆ ಕಾಣಂಗಿಲ್ಲ, ದಪ್ಪ ಕಾಣಂಗಿಲ್ಲ’ ಅಂದಳು. ಸ್ವಲ್ಪ ತಡೆದು, ‘ಯಾರೂ ಏನೂ ಅನ್ನಂಗಿಲ್ಲ’ ಎಂದೂ ಸೇರಿಸಿದಳು.

ಮೊದಲು ಹೇಳಿದ ಕಾರಣಗಳೆಲ್ಲ ಸರಿಯೇ. ಬೆಳಗಿನ ಗಡಿಬಿಡಿಯಲ್ಲಿ ಮೆಟ್ರೋ ಹಿಡಿಯುವ ಹುಡುಗಿಗೆ ಯೋಚನೆ ಬೇಡದ ಬಟ್ಟೆ ದೊಡ್ಡ ಅನುಕೂಲ. ಕಪ್ಪು ಉಡುವುದರಲ್ಲೇ ಸಂತೋಷ ಇರುವವರೂ ಇದ್ದಾರೆ, ಅವರ ತಂಟೆಗೆ ಹೋಗಲು ನನಗೆ ಕಾರಣವಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಕೊನೆಯ ಮಾತು. ಇವಳು ಕಪ್ಪನ್ನು ಆರಿಸಿಕೊಂಡದ್ದು ಅದು ಇಷ್ಟವೆಂದಲ್ಲ. ಯಾರ ಒಪ್ಪಿಗೆಯನ್ನೂ ಕೇಳಬೇಕಾಗಿಲ್ಲದ ಬಣ್ಣ ಅದೊಂದೇ ಎಂದು ತಿಳಿದಿದ್ದಳು. ಚಿಕ್ಕವಳಿದ್ದಾಗ ಹಳದಿ ಪರಕಾರ ಬೇಕೆಂದು ಹಟ ಹಿಡಿದವಳಿಗೆ ಸಂಬಂಧಿಕರೊಬ್ಬರು ‘ನೀ ಕಪ್ಪದಿ, ಹಳದಿ ಒಪ್ಪಂಗಿಲ್ಲ’ ಎಂದದ್ದು ನನಗೂ ನೆನಪಿದೆ. ಹೇಳಿದವರು ಅಲ್ಲಿಯೇ ಮರೆತಿರುತ್ತಾರೆ.

ಮೈಬಣ್ಣದ ಮೇಲೆ ಈ ಕ್ರಿಯಾಪದ ಮಾಡಿದಷ್ಟು ಅನ್ಯಾಯವನ್ನು ಬೇರೆ ಯಾವ ಮಾತೂ ಮಾಡಿಲ್ಲ ಎಂದು ನನಗನ್ನಿಸುತ್ತದೆ. ಹುಡುಗಿ ನೋಡಲು ಬಂದವರು ಉಪ್ಪಿಟ್ಟು, ಚಹಾ ಮುಗಿಸಿ ಹೋಗಿ ‘ಒಪ್ಪಿಗೆ ಇಲ್ಲ’ ಎಂದು ಹೇಳಿ ಕಳಿಸಿದರೆ ಕಾರಣವನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಕಾಣೆಯಾದವರ ಪ್ರಕಟಣೆಯಲ್ಲೂ, ವಧುವರರ ಅಂಕಣದಲ್ಲೂ ‘ಗೋಧಿ ಮೈಬಣ್ಣ’ ಒಂದು ಸುರಕ್ಷಿತ ತಾಣ. 1975ರಿಂದ ನಮ್ಮ ಅಂಗಡಿಗಳಲ್ಲಿದ್ದ ‘ಫೇರ್ ಆ್ಯಂಡ್ ಲವ್ಲಿ’ ಮುಲಾಮು ತನ್ನ ಹೆಸರಿನಿಂದ ‘ಫೇರ್’ ಎಂಬ ಮಾತು ತೆಗೆದು ‘ಗ್ಲೋ’ ಎಂದು ಸೇರಿಸಿಕೊಂಡದ್ದು 2020ರಲ್ಲಿ. ಅಷ್ಟರಲ್ಲಿ ಎರಡು ತಲೆಮಾರಿನ ಹುಡುಗಿಯರು ಕನ್ನಡಿಯ ಮುಂದೆ ತಮ್ಮನ್ನು ತಾವೇ ಒಪ್ಪದೆ ಬೆಳೆದಿದ್ದರು. ಕಪ್ಪು ಮೈಗೆ ಗಾಢ ಬಣ್ಣ ಒಪ್ಪುವುದಿಲ್ಲ ಎನ್ನುವವರು ಬಳ್ಳಾರಿ, ವಿಜಯಪುರದ ಬಿಸಿಲಿನಲ್ಲಿ ಹೊಲದಿಂದ ಮರಳುವ ಲಂಬಾಣಿ ಅಜ್ಜಿಯನ್ನು ನೋಡಬೇಕು. ಬಿಸಿಲಿಗೆ ಕಂದಿದ ಮೈ, ಮೇಲೆ ಕೆಂಪು, ಹಳದಿ, ನೀಲಿ, ಕನ್ನಡಿ, ಕವಡೆ. ಹಳಗನ್ನಡದ ಕವಿ ಕಂಡಿದ್ದರೆ ‘ಒಪ್ಪಿದಳು’ ಎಂದೇ ಬರೆಯುತ್ತಿದ್ದ.

ಮೈಬಣ್ಣ ಬಿಟ್ಟರೆ ವಯಸ್ಸು. ನಲವತ್ತು ದಾಟಿದವಳಿಗೆ ಗುಲಾಬಿ ಒಪ್ಪಲ್ಲ, ಅರವತ್ತಾದವಳಿಗೆ ಜರಿ ಒಪ್ಪಲ್ಲ. ಇವೆಲ್ಲಕ್ಕಿಂತ ಕಠಿಣವಾದದ್ದು ವಿಧವೆಯರ ಮೇಲೆ ಹೇರಿದ್ದು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಆ ಬದುಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ಮನೆಗಳಲ್ಲಿ ಅವರಿಗೆ ಬಿಳಿ ಸೀರೆ, ಕೆಲವು ಮನೆಗಳಲ್ಲಿ ಕಂದುಗೆಂಪು ಸೀರೆ. ಮುತ್ತೈದೆಗೆ ಮಂಗಳವಾದ ಕೆಂಪೇ ತಲೆ ಬೋಳಿಸಿದ ಹೆಂಗಸಿನ ಮೇಲೆ ಶಿಕ್ಷೆಯ ಸಮವಸ್ತ್ರವಾಯಿತು. ಒಪ್ಪುವುದು, ಒಪ್ಪದಿರುವುದು ಬಣ್ಣದ ಗುಣವೇ ಆಗಿದ್ದರೆ ಹೀಗಾಗುತ್ತಿರಲಿಲ್ಲ. ನಮ್ಮ ಸಣ್ಣಜ್ಜಿ ಗಂಡ ತೀರಿಕೊಂಡ ಮೇಲೆ ತನ್ನ ಇಳಕಲ್ ಸೀರೆಗಳನ್ನು ಸೊಸೆಯಂದಿರಿಗೆ ಹಂಚಿಬಿಟ್ಟಳು. ಆಮೇಲೂ ಮನೆಯ ಸೀರೆಗಳನ್ನೆಲ್ಲ ಮಡಚುವ ಕೆಲಸ ಅವಳದೇ. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹತ್ತಿಯ ಮೈ ಮುಗಿದು ಕೆಂಪು ರೇಷ್ಮೆ ಸೆರಗು ಶುರುವಾಗುವ ಆ ಗೆರೆಯ ಮೇಲೆ ಅವಳ ಹೆಬ್ಬೆರಳು ಒಂದು ಸಲ ಓಡಾಡಿ, ಆಮೇಲೆ ಸೀರೆ ಒಪ್ಪವಾಗಿ ಮಡಿಕೆಯಾಗುತ್ತಿತ್ತು. ಬಣ್ಣದ ಆಸೆ ಅವಳಿಗೆ ಹೋಗಿತ್ತೆಂದು ನಾನು ನಂಬುವುದಿಲ್ಲ.

ಇನ್ನು ಕಪ್ಪು. ‘ಎಲ್ಲರಿಗೂ ಒಪ್ಪುವ ಬಣ್ಣ’ ಎಂಬ ಕೀರ್ತಿ ಅದಕ್ಕೆ ಬಂದದ್ದು ಈಚೆಗೆ, ಅದೂ ಹೊರಗಿನಿಂದ. ಯುರೋಪಿನಲ್ಲಿ ಅದು ಬಹುಕಾಲ ಸೂತಕದ ಬಣ್ಣವಾಗಿತ್ತು. ವಿಕ್ಟೋರಿಯಾ ರಾಣಿ 1861ರಲ್ಲಿ ಗಂಡ ಸತ್ತ ಮೇಲೆ 1901ರಲ್ಲಿ ತಾನು ಸಾಯುವವರೆಗೂ ಕಪ್ಪನ್ನೇ ತೊಟ್ಟಳು. 1926ರ ಅಕ್ಟೋಬರಿನಲ್ಲಿ ಅಮೆರಿಕದ ‘ವೋಗ್’ ಪತ್ರಿಕೆ ಕೊಕೊ ಶನೆಲ್ ರೂಪಿಸಿದ ಒಂದು ಸರಳ ಕಪ್ಪು ಉಡುಪಿನ ಚಿತ್ರ ಅಚ್ಚುಹಾಕಿ ಅದನ್ನು ಫೋರ್ಡ್ ಕಾರಿಗೆ ಹೋಲಿಸಿತು. ಎಲ್ಲರಿಗೂ ಒಂದೇ ನಮೂನೆ, ಎಲ್ಲರಿಗೂ ಸಲ್ಲುವಂಥದ್ದು ಎಂಬ ಹೊಗಳಿಕೆ ಅದು. ನಮ್ಮ ಕಾಲಕ್ಕೆ ಸ್ಟೀವ್ ಜಾಬ್ಸ್ ತೊಡುತ್ತಿದ್ದ ಕಪ್ಪು ಅಂಗಿ ಸಾಫ್ಟ್‌ವೇರ್ ಲೋಕಕ್ಕೆ ಮಾದರಿಯಾಯಿತು.

ನಮ್ಮಲ್ಲಿ ಕಪ್ಪಿನ ಕತೆ ಬೇರೆ. ಶುಭಕಾರ್ಯಕ್ಕೆ ಕಪ್ಪು ಬೇಡ ಎನ್ನುವ ಮನೆಯಲ್ಲೇ ಹೆಣ್ಣಿನ ಕೊರಳಿಗೆ ಕರಿಮಣಿ ಬೀಳುತ್ತದೆ, ಕೂಸಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಏರುತ್ತದೆ. ಬೆಳಗಾವಿ ಕಡೆ ಸಂಕ್ರಾಂತಿಗೆ ಕಪ್ಪು ಸೀರೆ ಉಡುತ್ತಾರೆ. ಧಾರವಾಡ ಸೀಮೆಯಲ್ಲಿ ಹಿಂದೆ ಮದುವೆಯ ಹೆಣ್ಣಿನ ಬಳಿ ಚಂದ್ರಕಾಳಿ ಎಂಬ ಕಪ್ಪು ರೇಷ್ಮೆ ಸೀರೆ ಇರಲೇಬೇಕಿತ್ತು. ಆ ಕಪ್ಪಿನ ಮೇಲೆ ಕಸೂತಿ: ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ. ಗವಂತಿ, ಮುರಗಿ, ನೇಯ್ಗಿ, ಮೆಂಥೆ ಎಂಬ ನಾಲ್ಕೇ ಹೊಲಿಗೆಯಲ್ಲಿ ಎಲ್ಲವನ್ನೂ ತರಬೇಕು. ಗೆರೆ ಹಾಕಿಕೊಳ್ಳುವಂತಿಲ್ಲ, ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸುವುದು ಕಣ್ಣಿಗೆ ಎಷ್ಟು ಕಷ್ಟ ಎಂದು ಕಸೂತಿ ಹಾಕುವ ಯಾರನ್ನಾದರೂ ಕೇಳಿ. ಅಷ್ಟು ಕಷ್ಟಪಟ್ಟು ಕಪ್ಪನ್ನೇ ಆರಿಸಿಕೊಂಡದ್ದು ಅದರ ಮೇಲೆ ಕೆಂಪು, ಕಿತ್ತಳೆ, ಹಸಿರು ಎದ್ದು ಕಾಣಲಿ ಎಂದು. ಬಣ್ಣ ಬೇಡವೆಂದು ಆ ಹೆಂಗಸರು ಕಪ್ಪು ಉಟ್ಟವರಲ್ಲ.

ಕಪ್ಪು ಎಲ್ಲದಕ್ಕೂ ಒಪ್ಪುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಯಾವುದಾದರೂ ಮ್ಯಾಚಿಂಗ್ ಸೆಂಟರಿಗೆ ಹೋಗಿ ಕಪ್ಪು ಸೀರೆಗೆ ಕಪ್ಪು ರವಿಕೆ ಬಟ್ಟೆ ಕೇಳಿ ನೋಡಿ. ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ನಾವು ಕೇಳಿದಾಗ ಅಂಗಡಿಯ ಹಿರಿಯರು ನಾಲ್ಕಾರು ಕಪ್ಪು ತುಂಡುಗಳನ್ನು ಎಳೆದು ಸೀರೆಯ ಮೇಲಿಟ್ಟರು. ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಒಂದೇ. ಅವರು ಒಪ್ಪಲಿಲ್ಲ. ಸೀರೆ, ತುಂಡು ಎರಡನ್ನೂ ಎತ್ತಿಕೊಂಡು ಅಂಗಡಿಯ ಮೆಟ್ಟಿಲಿಗೆ ಬಂದು ಬಿಸಿಲಿಗೆ ಹಿಡಿದರು. ಒಂದು ತುಂಡು ನೀಲಿಗೆ ವಾಲಿತ್ತು, ಒಂದು ಕಂದಿಗೆ, ಇನ್ನೊಂದು ಹಸಿರಿಗೆ. ‘ಕಪ್ಪಿಗೆ ಕಪ್ಪು ಕೂಡಿಸೂದು ಭಾಳ ತ್ರಾಸ್ರೀ. ಕೆಂಪು ಕೊಡಲೇನು?’ ಅಂದರು. ಅದೇ ಸೀರೆಯ ಮೇಲೆ ಕುಂಕುಮಗೆಂಪು ತುಂಡು ಇಟ್ಟಾಗ ಹೊಂದಿಸುವ ಪ್ರಶ್ನೆಯೇ ಏಳಲಿಲ್ಲ.

ಆ ದಿನ ಜೊತೆಗಿದ್ದ ನಮ್ಮ ಹುಡುಗಿ ಆ ಕೆಂಪು ತುಂಡು ತೆಗೆದುಕೊಂಡಳು. ಒಮ್ಮೆಲೆ ಕಪಾಟು ಬದಲಾಗಲಿಲ್ಲ. ಕಪ್ಪು ಕುರ್ತಾದ ಮೇಲೆ ಬಣ್ಣದ ಓಡನಿ ಬಂತು, ಆಮೇಲೆ ಇಳಕಲ್ ಬಟ್ಟೆಯ ದಾಳಿಂಬೆ ಬಣ್ಣದ ಕುರ್ತಾ, ಆಮೇಲೆ ಗಿಳಿಹಸಿರು. ಆಫೀಸಿನಲ್ಲಿ ಮೊದಲ ದಿನ ‘ಏನ್ ವಿಶೇಷ, ಬರ್ತ್‌ಡೇನಾ?’ ಎಂದು ಕೇಳಿದರಂತೆ. ನಾಲ್ಕು ದಿನ ಕಳೆದ ಮೇಲೆ ಯಾರೂ ಕೇಳಲಿಲ್ಲ. ಹಳದಿಗೆ ಬರಲು ಮಾತ್ರ ಬಹಳ ತಡವಾಯಿತು. ಕೊನೆಗೆ ಕೊಂಡದ್ದು ಚೆಂಡುಹೂವಿನ ಹಳದಿ, ತಿಳಿಯಾಗಿ ಜಾರಿಕೊಳ್ಳುವಂಥದ್ದಲ್ಲ. ಫೋಟೋ ಕಳಿಸಿ ‘ಚಿಗವ್ವಾ, ಒಪ್ಪೈತೇನು?’ ಎಂದು ಕೇಳಲಿಲ್ಲ. ‘ಹಳದಿ ತಗೊಂಡೆ’ ಎಂದು ಬರೆದಿದ್ದಳು.

ಬಣ್ಣಗಳಿಗೆ ನಮ್ಮಲ್ಲಿ ಎಂಥೆಂಥ ಹೆಸರುಗಳಿದ್ದವು! ಕುಸುಬಿ, ನವಿಲುಗೊರಳು, ಮಾವಿನ ಚಿಗುರು, ಬದನೆಕಾಯಿ ಬಣ್ಣ, ಉಳ್ಳಾಗಡ್ಡಿ ಸಿಪ್ಪೆ ಬಣ್ಣ. ಕಾಂಚೀಪುರದ ಮಗ್ಗದವರು ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆ ನೇಯ್ದ ನೀಲಿ ‘ಎಂ.ಎಸ್. ಬ್ಲೂ’ ಎಂದು ಇವತ್ತಿಗೂ ಚಿಕ್ಕಪೇಟೆಯ ಅಂಗಡಿಗಳಲ್ಲಿ ನಡೆಯುತ್ತದೆ. ಹೆಸರು ಬಾಯಲ್ಲಿದ್ದರೆ ಕೇಳುವ ಧೈರ್ಯ ಬರುತ್ತದೆ. ‘ಡಾರ್ಕ್ ಏನಾದರೂ ತೋರಿಸಿ’ ಅನ್ನುವವರಿಗೆ ಅಂಗಡಿಯವರು ಕಪ್ಪು, ನೇವಿ ಬ್ಲೂ, ಕಾಫಿ ಬಣ್ಣ ತೆಗೆದು ಮುಂದಿಡುತ್ತಾರೆ. ‘ಮಾವಿನ ಚಿಗುರು ಐತೇನ್ರಿ’ ಅಂದವರಿಗೆ ಏಣಿ ಹತ್ತಿ ಹುಡುಕುತ್ತಾರೆ.

ದೀಪಾವಳಿಗೋ ಯುಗಾದಿಗೋ ಮಕ್ಕಳನ್ನು ಕರೆದುಕೊಂಡು ಬಟ್ಟೆ ಅಂಗಡಿಗೆ ಹೋಗುವ ಅಕ್ಕಂದಿರಲ್ಲಿ, ಅವ್ವಂದಿರಲ್ಲಿ ನನ್ನದೊಂದು ಕೋರಿಕೆ. ಹುಡುಗಿ ತಾನೇ ಕೈಯಾರೆ ಒಂದು ಬಣ್ಣ ಆರಿಸಿದರೆ ‘ಒಪ್ಪಲ್ಲ’ ಎನ್ನುವ ಮೊದಲು ಅದನ್ನು ಬಾಗಿಲ ಬೆಳಕಿಗೆ ಒಯ್ದು ಅವಳ ಹೆಗಲಿಗೆ ಹಿಡಿದು ನೋಡಿ. ಹೇಗಿದೆ ಎಂದು ಅವಳನ್ನೇ ಕೇಳಿ. ಬೆಲೆ ಹೆಚ್ಚಾಯಿತು ಅನ್ನಿಸಿದರೆ ಬೆಲೆ ಹೆಚ್ಚು ಎಂದೇ ಹೇಳಿ, ಮಕ್ಕಳಿಗೆ ಅದು ಅರ್ಥವಾಗುತ್ತದೆ. ಅದರ ಭಾರವನ್ನು ಅವಳ ಮೈಬಣ್ಣದ ಮೇಲೆ ಹಾಕಬೇಡಿ.